ಸೊಳ್ಳೆಯ ಮೂಗಿನಲ್ಲಿ ನಾವು

ಈ ಹಾಲ್‌ಗೆ ಬಂದು ಕೂತ ಮೇಲೆ ಯಾರ್ಯಾರು ಕಾಲು ಕೆರೆದುಕೊಂಡಿರಿ? ಸುಮ್ನೆ ಕೈ ಎತ್ತಿ. ಐದಾರು ಜನ ಇದ್ದೀರಿ. ಈಗ ನಿಮ್ಮ ಪಕ್ಕದವರ ಕಡೆ ನೋಡಿ, ಆರಾಮಾಗಿ ಕೂತಿದ್ದಾರೆ. ಅದೇ ಸಾಲು, ಅದೇ ಫ್ಯಾನಿನ ಗಾಳಿ. ಆದರೂ ಸೊಳ್ಳೆ ಅವರನ್ನು ದಾಟಿಕೊಂಡು ನಿಮ್ಮ ಹತ್ತಿರ ಬಂದಿದೆ.

ನಮ್ಮ ಮನೆಯಲ್ಲಿ ಹೀಗೆ ಕಚ್ಚಿಸಿಕೊಳ್ಳುತ್ತಿದ್ದವಳು ನಾನು. ಬೇಸಿಗೆ ರಜೆಯಲ್ಲಿ ಜಗಲಿಯ ಮೇಲೆ ಏಳೆಂಟು ಮಕ್ಕಳು ಸಾಲಾಗಿ ಮಲಗುತ್ತಿದ್ದೆವು. ಬೆಳಗ್ಗೆ ಎದ್ದರೆ ನನ್ನ ಕಾಲಿನ ತುಂಬ ದದ್ದು, ಉಳಿದವರಿಗೆ ಅಲ್ಲೊಂದು ಇಲ್ಲೊಂದು. ಅಜ್ಜಿ ಕೊಬ್ಬರಿ ಎಣ್ಣೆ ಸವರುತ್ತಾ, "ನಿನ್ನ ರಕ್ತ ಸಿಹಿ ಕಣೇ, ಅದಕ್ಕೇ" ಅನ್ನುತ್ತಿದ್ದರು. ನನಗೆ ಅದು ಒಂಥರಾ ಹೆಮ್ಮೆಯೇ ಆಗಿತ್ತು.

ಆ ಮಾತಿನಲ್ಲಿ ಒಂದೇ ಒಂದು ತೊಂದರೆ. ಸೊಳ್ಳೆಗೆ ರಕ್ತದ ರುಚಿ ಗೊತ್ತಾಗುವುದು ಚುಚ್ಚಿದ ಮೇಲೆ. ಆದರೆ ಅದು ನಿಮ್ಮನ್ನು ಆರಿಸಿಕೊಂಡಿದ್ದು ಅದಕ್ಕೂ ಎಷ್ಟೋ ಮೊದಲು, ಕೋಣೆಯ ಆ ತುದಿಯಲ್ಲಿ ಪರದೆಯ ಹಿಂದೆ ಕೂತಿದ್ದಾಗ. ಅಷ್ಟು ದೂರಕ್ಕೆ ನಿಮ್ಮ ರಕ್ತ ಸಿಹಿಯೋ ಉಪ್ಪೋ ತಿಳಿಯುವುದಿಲ್ಲ. ಅಲ್ಲಿಗೆ ತಲುಪುವುದು ವಾಸನೆ. ರಕ್ತದ ಗುಂಪಿನ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು, ಓ ಗುಂಪಿನವರಿಗೆ ಜಾಸ್ತಿ ಕಚ್ಚುತ್ತದಂತೆ ಅಂತ. ಅದರ ಮೇಲಿನ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ನಾನಂತೂ ಅದನ್ನು ನಂಬುವುದಿಲ್ಲ.

ಹಾಗಾಗಿ ಇವತ್ತಿನ ಮಾತೆಲ್ಲ ಸೊಳ್ಳೆಯ ಮೂಗಿನ ಬಗ್ಗೆ. ಮೂಗು ಅಂದೆ, ಆದರೆ ಸೊಳ್ಳೆಗೆ ಮೂಗಿಲ್ಲ. ತಲೆಯ ಮುಂದೆ ಎರಡು ಉದ್ದ ಕಡ್ಡಿಗಳಿವೆ. ಪುಸ್ತಕದಲ್ಲಿ ಸ್ಪರ್ಶಾಂಗ ಅಂತ ಬರೆದಿರುತ್ತಾರೆ. ಹೆಸರು ಕೇಳಿದರೆ ಮುಟ್ಟಿ ನೋಡುವ ಅಂಗ ಅನಿಸುತ್ತದೆ, ಆದರೆ ಮುಖ್ಯ ಕೆಲಸ ವಾಸನೆ ಹಿಡಿಯುವುದು. ನಾನು ಮೀಸೆ ಅಂತಲೇ ಕರೆಯುತ್ತೇನೆ. ಸೊಂಡಿಲಿನ ಬುಡದಲ್ಲಿ ಆಚೆಗೊಂದು ಈಚೆಗೊಂದು ಇನ್ನೂ ಎರಡು ಕಡ್ಡಿ ಇರುತ್ತವೆ, ಅವಕ್ಕೆ ಪಾಲ್ಪ್ ಅಂತ ಹೆಸರು. ಡೆಂಗಿ ಹರಡುವ ಈಡಿಸ್ ಹೆಣ್ಣಿನಲ್ಲಿ ಇವು ಮೋಟು, ಮಲೇರಿಯಾ ಹರಡುವ ಅನಾಫಿಲಿಸ್ ಹೆಣ್ಣಿನಲ್ಲಿ ಸೊಂಡಿಲಿನಷ್ಟೇ ಉದ್ದ. ಗಂಡುಗಳ ಮೀಸೆ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಪೊದೆಪೊದೆ, ಅದು ಹೆಣ್ಣಿನ ರೆಕ್ಕೆಯ ಸದ್ದು ಕೇಳುವುದಕ್ಕೆ. ಗಂಡು ಕಚ್ಚುವುದಿಲ್ಲ, ಹೂವಿನ ರಸ ಕುಡಿದುಕೊಂಡಿರುತ್ತದೆ. ಮೊಟ್ಟೆಗೆ ರಕ್ತ ಬೇಕಾಗಿರುವುದು ಹೆಣ್ಣಿಗೆ. ಹಾಗಾಗಿ ಇನ್ನು ಮೇಲೆ 'ಅವಳು' ಅಂತಲೇ ಹೇಳುತ್ತೇನೆ.

ಅವಳ ಮೀಸೆಯನ್ನು ಮೈಕ್ರೋಸ್ಕೋಪಿನಲ್ಲಿ ದೊಡ್ಡದು ಮಾಡಿ ನೋಡಿದರೆ ಹದಿಮೂರು ಗಂಟುಗಳ ಕಬ್ಬಿನ ಜಲ್ಲೆಯ ಹಾಗಿರುತ್ತದೆ. ಮೈತುಂಬ ಸಣ್ಣ ಕೂದಲು. ಇನ್ನೂ ದೊಡ್ಡದು ಮಾಡಿ ಒಂದೇ ಕೂದಲನ್ನು ನೋಡಿ. ಅದು ಟೊಳ್ಳು. ಗೋಡೆಯಲ್ಲಿ ಜರಡಿಯ ಹಾಗೆ ತೂತುಗಳು. ಒಳಗೆ ಸ್ವಲ್ಪ ದ್ರವ, ಆ ದ್ರವದಲ್ಲಿ ಎರಡೋ ಮೂರೋ ನರಕೋಶಗಳ ತುದಿ. ನಿಮ್ಮ ವಾಸನೆ ಒಳಗೆ ಹೋಗುವುದು ಆ ತೂತುಗಳಿಂದ.

ಇಲ್ಲಿ ಒಂದು ತಕರಾರಿದೆ. ವಾಸನೆಯ ಅಣುಗಳಲ್ಲಿ ಎಷ್ಟೋ ಎಣ್ಣೆ ಜಾತಿಯವು, ನೀರಿನ ಜೊತೆ ಹೊಂದಿಕೊಳ್ಳುವುದಿಲ್ಲ. ಕೂದಲಿನ ಒಳಗೆ ಇರುವುದು ನೀರಿನಂಥ ದ್ರವ. ದಾಟುವುದು ಹೇಗೆ? ಆ ದ್ರವದಲ್ಲಿ ಪುಟ್ಟ ಪ್ರೊಟೀನುಗಳು ತೇಲುತ್ತಿರುತ್ತವೆ, ಒಂದೊಂದಕ್ಕೂ ಹೊಟ್ಟೆಯಲ್ಲಿ ಒಂದು ಪೊಳ್ಳು ಜಾಗ. ತುಂಗಭದ್ರೆಯಲ್ಲಿ ಹರಿಗೋಲು ನೋಡಿದ್ದೀರಲ್ಲ, ಹಾಗೆ ಎಣ್ಣೆ ಅಣುವನ್ನು ಕೂರಿಸಿಕೊಂಡು ಆಚೆ ದಡಕ್ಕೆ ಬಿಡುತ್ತವೆ. ಆಚೆ ದಡದಲ್ಲಿ, ನರಕೋಶದ ಪೊರೆಯ ಮೇಲೆ ಕಾದಿರುವುದು ರಿಸೆಪ್ಟರ್, ಅಂದರೆ ವಾಸನೆಯ ಅಣುವನ್ನು ಹಿಡಿದು ಗುರುತಿಸುವ ಪ್ರೊಟೀನು. ನಮ್ಮ ಕಥೆಯ ನಾಯಕ ಅದೇ.

ನಮ್ಮ ಮೂಗಿನಲ್ಲೂ ರಿಸೆಪ್ಟರ್ ಇದೆ. ಅದರ ಜೀನುಗಳನ್ನು 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಕಂಡುಹಿಡಿದರು, 2004ರಲ್ಲಿ ನೊಬೆಲ್ ಬಂತು. ಕೀಟಗಳಲ್ಲೂ ಅಂಥದ್ದೇ ಇರುತ್ತದೆ ಅಂತ ಎಲ್ಲರೂ ಹುಡುಕಿದರು. 1999ರಲ್ಲಿ ಹಣ್ಣಿನ ನೊಣದಲ್ಲಿ ಸಿಕ್ಕಿತು. ಸ್ವಲ್ಪ ವರ್ಷ ಎಲ್ಲ ಸರಿಯಾಗೇ ಇತ್ತು. 2006ರಲ್ಲಿ ಗೊತ್ತಾಯಿತು, ಇದು ಪೊರೆಯಲ್ಲಿ ತಲೆಕೆಳಗಾಗಿ ಕೂತಿದೆ ಅಂತ. ನಮ್ಮಲ್ಲಿ ಹೊರಗಿರುವ ತುದಿ ಇವುಗಳಲ್ಲಿ ಒಳಗೆ. 2008ರಲ್ಲಿ ಜಪಾನಿನ ಒಂದು ಗುಂಪು, ಜರ್ಮನಿಯ ಒಂದು ಗುಂಪು ಇನ್ನೂ ದೊಡ್ಡ ವಿಷಯ ಹೇಳಿದವು. ಇದು ಕೆಲಸ ಮಾಡುವ ರೀತಿಯೇ ಬೇರೆ.

ನಮ್ಮ ಮೂಗು ಅಪಾರ್ಟ್‌ಮೆಂಟ್ ಇದ್ದ ಹಾಗೆ. ಬಂದವರು ಗೇಟಿನಲ್ಲಿ ಬೆಲ್ ಒತ್ತುತ್ತಾರೆ, ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ ಕೇಳುತ್ತಾನೆ, ಮನೆಯವರು ಹ್ಞೂಂ ಅನ್ನಬೇಕು, ಆಮೇಲೆ ಗೇಟು. ಸೊಳ್ಳೆಯದು ಹಳ್ಳಿಮನೆಯ ಬಾಗಿಲು. ಚಿಲಕ ಎತ್ತಿದರೆ ಮುಗಿಯಿತು. ವಾಸನೆಯ ಅಣು ಬಂದು ಕೂತ ಕೂಡಲೇ ರಿಸೆಪ್ಟರೇ ಬಾಯಿ ತೆರೆಯುತ್ತದೆ, ಅಯಾನುಗಳು ಒಳಗೆ ನುಗ್ಗುತ್ತವೆ, ನರ ಮಿಡಿಯುತ್ತದೆ. ಮಧ್ಯವರ್ತಿಯೇ ಇಲ್ಲ.

ಈ ಬಾಗಿಲು ಒಂದೇ ಹಲಗೆಯದಲ್ಲ, ನಾಲ್ಕು ತುಂಡುಗಳದು. ಒಂದು ತುಂಡು ಆಯಾ ವಾಸನೆಗೆ ಬೇರೆ ಬೇರೆ, ಈಡಿಸ್ ಈಜಿಪ್ಟೈ ಸೊಳ್ಳೆಯ ಜೀನೋಮಿನಲ್ಲಿ ಇಂಥವಕ್ಕೆ ನೂರಕ್ಕೂ ಜಾಸ್ತಿ ಜೀನುಗಳಿವೆ. ಉಳಿದದ್ದು ಎಲ್ಲ ಬಾಗಿಲಿಗೂ ಒಂದೇ, ಅದರ ಹೆಸರು ಓರ್ಕೋ. ಎಷ್ಟು ಓರ್ಕೋ, ಎಷ್ಟು ಆ ಇನ್ನೊಂದು ಅಂತ ಬಹಳ ದಿನ ಗುದ್ದಾಟ ಇತ್ತು. 2024ರಲ್ಲಿ ಸೊಳ್ಳೆಯ ರಿಸೆಪ್ಟರಿನ ರಚನೆಯನ್ನೇ ಅಣುಗಳ ಮಟ್ಟದಲ್ಲಿ ನೋಡಿದಾಗ ಉತ್ತರ ಸಿಕ್ಕಿತು. ಮೂರು ಓರ್ಕೋ, ಒಂದು ವಾಸನೆ ಗುರುತಿಸುವ ತುಂಡು. ಚೌಕಟ್ಟು ಓರ್ಕೋದು, ಬೀಗ ಮಾತ್ರ ಬೇರೆ ಬೇರೆ ಅಂತ ಇಟ್ಟುಕೊಳ್ಳಿ. ಈ ಓರ್ಕೋ ನೆನಪಿಡಿ, ಆಮೇಲೆ ಬೇಕು.

ಬೀಗ ಅಂದರೂ ಇದು ಗೋದ್ರೇಜ್ ಬೀಗ ಅಲ್ಲ, ಸ್ವಲ್ಪ ಸಡಿಲ. 2021ರಲ್ಲಿ ರೆಕ್ಕೆಯಿಲ್ಲದ ಒಂದು ಹಳೇ ಕಾಲದ ಕೀಟದ ರಿಸೆಪ್ಟರನ್ನು ನೋಡಿದರು. ಅದರ ಪೊಳ್ಳಿನಲ್ಲಿ ಲವಂಗದ ಘಮ ಕೊಡುವ ಯೂಜೆನಾಲ್ ಕೂತಿತು. ಅದೇ ಪೊಳ್ಳಿನಲ್ಲಿ ಸೊಳ್ಳೆ ಓಡಿಸುವ ಡೀಟ್ ಕೂಡ ಕೂತಿತು. ಎರಡರ ಆಕಾರಕ್ಕೂ ಹೆಚ್ಚು ಸಂಬಂಧವಿಲ್ಲ. ಹೀಗೆ ಒಂದೇ ಬೀಗಕ್ಕೆ ಹತ್ತಾರು ಕೀಲಿ, ಒಂದೇ ಕೀಲಿಗೆ ಹತ್ತಾರು ಬೀಗ.

ಇದೆಲ್ಲ ನಮಗೆ ಹೇಗೆ ತಿಳಿಯುತ್ತದೆ? ಒಂದು ಪ್ರಯೋಗ ಹೇಳುತ್ತೇನೆ, ನನಗೆ ತುಂಬ ಇಷ್ಟ. ಸೊಳ್ಳೆಯನ್ನು ಸ್ವಲ್ಪ ಹೊತ್ತು ಐಸ್ ಮೇಲಿಟ್ಟು ಮಂಪರು ಬರಿಸಿ, ಎರಡು ಬದಿಗೂ ಅಂಟುವ ಟೇಪಿನ ಮೇಲೆ ಮಲಗಿಸಬೇಕು. ಮೀಸೆ ಅಲ್ಲಾಡಬಾರದು. ಟಂಗ್‌ಸ್ಟನ್ ತಂತಿಯನ್ನು ಸೂಜಿಗಿಂತ ಎಷ್ಟೋ ಪಾಲು ಚೂಪು ಮಾಡಿ, ಒಂದೇ ಒಂದು ಕೂದಲಿನ ಬುಡಕ್ಕೆ ತಾಗಿಸಬೇಕು. ಟೇಬಲ್ಲಿಗೆ ಯಾರಾದರೂ ಮೊಣಕೈ ಊರಿದರೆ ಅಷ್ಟೂ ಕೆಲಸ ಹಾಳು. ತಂತಿಯ ಇನ್ನೊಂದು ತುದಿ ಆಂಪ್ಲಿಫೈಯರಿಗೆ, ಅಲ್ಲಿಂದ ಸ್ಪೀಕರಿಗೆ. ಮೊದಲು ಅಲ್ಲೊಂದು ಇಲ್ಲೊಂದು ಟಿಕ್ ಅನ್ನುತ್ತಿರುತ್ತದೆ. ಸರಿಯಾದ ವಾಸನೆಯನ್ನು ಒಂದು ಪಫ್ ಊದಿದರೆ, ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ. ಒಂದು ಸೊಳ್ಳೆಯ ಒಂದು ಕೂದಲಿನ ಒಂದು ನರಕೋಶ ವಾಸನೆ ನೋಡುವುದನ್ನು ನೀವು ಕಿವಿಯಿಂದ ಕೇಳುತ್ತಿದ್ದೀರಿ. ಮೊದಲ ಸಲ ಕೇಳಿದಾಗ ನಾನು ಊಟ ಮರೆತು ಕೂತಿದ್ದೆ.

ಈ ವಿದ್ಯೆಗೂ ನಮ್ಮ ಊರಿಗೂ ಒಂದು ನಂಟಿದೆ, ಹೇಳಿಬಿಡುತ್ತೇನೆ. ರಿಸೆಪ್ಟರ್ ಜೀನುಗಳೇ ಗೊತ್ತಿಲ್ಲದ ಕಾಲದಲ್ಲಿ, 1970ರ ದಶಕದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿ ಮತ್ತು ಅವರ ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗಸ್ ವಾಸನೆ ಗೊತ್ತಾಗದ ನೊಣಗಳನ್ನು ಹುಡುಕಿ ತೆಗೆದರು. ಜೀನು ಕೆಟ್ಟರೆ ಮೂಗು ಕೆಡುತ್ತದೆ, ಹಾಗಾದರೆ ಮೂಗಿನ ಹಿಂದಿರುವ ಜೀನುಗಳನ್ನು ಹೀಗೆ ಹಿಡಿಯಬಹುದು ಅನ್ನುವುದು ಅವರ ಲೆಕ್ಕ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಇದೆಯಲ್ಲ, ಅದನ್ನು ಕಟ್ಟಿದ್ದು ಇದೇ ಸಿದ್ದಿಕಿ. ರಾಡ್ರಿಗಸ್ ಕೂಡ ಅಲ್ಲಿಗೆ ಬಂದರು. ಈಗ ಸೊಳ್ಳೆಯಲ್ಲಿ ನಡೆಯುತ್ತಿರುವುದೂ ಅದೇ ಉಪಾಯ: ಒಂದು ಜೀನು ಕೆಡಿಸು, ಏನು ತಪ್ಪುತ್ತದೆ ನೋಡು.

ಈಗ ಒಂದೊಂದೇ ಕೆಡಿಸುತ್ತಾ ಹೋಗೋಣ.

ಮೊದಲನೆಯದು ಉಸಿರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಸುಮಾರು 0.04 ಶೇಕಡ. ನೀವು ಬಿಡುವ ಉಸಿರಿನಲ್ಲಿ ಸುಮಾರು 4 ಶೇಕಡ, ನೂರು ಪಟ್ಟು. ಲ್ಯಾಬಿನಲ್ಲಿ ಒಂದಡಿ ಚೌಕದ ಬಲೆಯ ಪಂಜರದಲ್ಲಿ ಈಡಿಸ್ ಹೆಣ್ಣುಗಳನ್ನು ಇಟ್ಟಿರುತ್ತೇವೆ. ಗೋಡೆಗೆ ಅಂಟಿಕೊಂಡು ತೂಕಡಿಸುತ್ತಿರುತ್ತವೆ. ಉಸಿರು ಕಟ್ಟಿ ಹತ್ತಿರ ಹೋದರೆ ಕೆಲವು ಅಲ್ಲಾಡುವುದೂ ಇಲ್ಲ. ಬಲೆಯ ಹತ್ತಿರ ಬಾಯಿಟ್ಟು ಒಂದೇ ಒಂದು ಸಲ ಹಾ ಅಂತ ಉಸಿರು ಬಿಡಿ. ಪಂಜರ ಪೂರ್ತಿ ಎದ್ದು ಗುಂಯ್ ಅನ್ನುತ್ತದೆ. ಆಮೇಲೆ ಅಂಗೈ ತೋರಿಸಿದರೆ ಅಲ್ಲೇ ಬಂದು ಕೂರುತ್ತವೆ, ಬಲೆಯ ಕಣ್ಣಿನಿಂದ ಸೊಂಡಿಲು ಹೊರಗೆ ಚಾಚಿ. ಈ ಉಸಿರನ್ನು ಹಿಡಿಯುವುದು ಮೀಸೆಯಲ್ಲ, ಆ ಮೋಟು ಪಾಲ್ಪ್. ಅಲ್ಲಿನ ರಿಸೆಪ್ಟರುಗಳೂ ಬೇರೆ ಮನೆತನದವು, ರುಚಿ ನೋಡುವ ರಿಸೆಪ್ಟರುಗಳ ದಾಯಾದಿಗಳು. ಅವಕ್ಕೆ ಓರ್ಕೋ ಬೇಡ. ಅದರಲ್ಲಿ ಜಿಆರ್3 ಅನ್ನುವುದನ್ನು ಕೆಡಿಸಿದ ಸೊಳ್ಳೆಗಳ ಬಗ್ಗೆ 2014ರಲ್ಲಿ ವರದಿ ಬಂತು. ಉಸಿರು ಬಿಟ್ಟರೆ ಅವು ಏಳುವುದಿಲ್ಲ. ಸರಿ, ಗೆದ್ದೆವು ಅಂದುಕೊಂಡರೆ, ಸ್ವಲ್ಪ ದೊಡ್ಡ ಜಾಗದಲ್ಲಿ ಜೀವಂತ ಮನುಷ್ಯನ ಜೊತೆ ಬಿಟ್ಟಾಗ ಅವು ಹುಡುಕಿಕೊಂಡು ಬಂದೇ ಬಿಟ್ಟವು. ಬೆವರಿತ್ತು, ಬಿಸಿಯಿತ್ತು, ಅಷ್ಟು ಸಾಕಾಯಿತು.

ಎರಡನೆಯದು ಬೆವರು. ಮನುಷ್ಯನ ಕೈಯಿಂದ ಬರುವ ಲ್ಯಾಕ್ಟಿಕ್ ಆಸಿಡ್ ಈಡಿಸ್‌ಗೆ ಇಷ್ಟ ಅಂತ 1968ರಲ್ಲೇ ಗೊತ್ತಿತ್ತು. ಅದೊಂದನ್ನೇ ಇಟ್ಟರೆ ಅಷ್ಟಕ್ಕಷ್ಟೆ. ಜೊತೆಗೆ ಸ್ವಲ್ಪ ಉಸಿರಿನ ಅನಿಲ ಸೇರಿಸಿದರೆ ಓಡಿ ಬರುತ್ತವೆ. ಒಗ್ಗರಣೆ ಬಿದ್ದ ಮೇಲೆ ಸಾರು ಸಾರಾದ ಹಾಗೆ. ಈ ಹುಳಿ ವಾಸನೆಗಳಿಗೆ ಮೂರನೇ ಮನೆತನದ ರಿಸೆಪ್ಟರುಗಳಿವೆ, ಐಆರ್ ಅಂತ ಕರೆಯುತ್ತಾರೆ, ಅವುಗಳಲ್ಲಿ ಐಆರ್8ಎ ಅನ್ನುವುದು ಓರ್ಕೋ ಥರ ಜೊತೆಗಾರ. 2019ರಲ್ಲಿ ಫ್ಲೋರಿಡಾದ ಗುಂಪೊಂದು ಅದನ್ನು ಕೆಡಿಸಿತು. ಮನುಷ್ಯರ ಕಡೆಗಿನ ಸೆಳೆತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅರ್ಧಕ್ಕೆ. ಪೂರ್ತಿ ನಿಲ್ಲಲಿಲ್ಲ.

ಮೂರನೆಯದು ಓರ್ಕೋ, ಆಗ ನೆನಪಿಡಿ ಅಂದೆನಲ್ಲ. ಇದನ್ನು ಕೆಡಿಸಿದರೆ ಓರ್ಕೋ ಜೊತೆ ಸೇರಿ ಕೆಲಸ ಮಾಡುವ, ಓಆರ್ ಅನ್ನುವ ಮನೆತನದ ನೂರಕ್ಕೂ ಹೆಚ್ಚು ಬಾಗಿಲು ಒಟ್ಟಿಗೇ ಮುಚ್ಚುತ್ತವೆ. ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದ ಲೆಸ್ಲಿ ವೊಶಾಲ್ ಅವರ ಲ್ಯಾಬಿನಲ್ಲಿ ಇದನ್ನು ಮಾಡಿದರು, 2013ರಲ್ಲಿ ಪ್ರಕಟವಾಯಿತು. ನೀವು ಊಹಿಸಿ, ಏನಾಗಿರಬಹುದು? ಕಚ್ಚುವುದು ನಿಂತಿರಬೇಕು ಅಲ್ವಾ? ಇಲ್ಲ. ಉಸಿರಿನ ಅನಿಲ ಇದ್ದರೆ ಮನುಷ್ಯನ ಹತ್ತಿರ ಬಂದವು. ಆದರೆ ಮನುಷ್ಯ ಯಾವುದು, ಬೇರೆ ಪ್ರಾಣಿ ಯಾವುದು ಅನ್ನುವ ವ್ಯತ್ಯಾಸ ಅವಕ್ಕೆ ಮರೆತುಹೋಗಿತ್ತು. ಮಾಮೂಲಿ ಈಡಿಸ್ ಮನುಷ್ಯನನ್ನು ಬಿಟ್ಟು ಇನ್ನೊಂದರ ಕಡೆ ಹೋಗುವುದು ಕಡಿಮೆ. ಇವು ಎರಡೂ ಕಡೆ ಹೋದವು.

ಇನ್ನೂ ಒಂದು ವಿಷಯ. ಕೈಗೆ ಡೀಟ್ ಹಚ್ಚಿಕೊಂಡರೂ ಓರ್ಕೋ ಇಲ್ಲದ ಸೊಳ್ಳೆ ಹೆದರದೆ ಹತ್ತಿರ ಬಂತು. ಚರ್ಮದ ಮೇಲೆ ಕೂತಿತು. ಕೂತ ತಕ್ಷಣ ಹಾರಿಹೋಯಿತು. ಡೀಟ್ ಎರಡು ಕಡೆ ಕೆಲಸ ಮಾಡುತ್ತದೆ: ದೂರದಿಂದ ಮೂಗಿನ ಮೇಲೆ, ಮುಟ್ಟಿದಾಗ ಕಾಲಿನ ಮೇಲೆ. ಸೊಳ್ಳೆ ಕಾಲಿನಿಂದಲೂ ರುಚಿ ನೋಡುತ್ತದೆ, ಗೊತ್ತಿರಲಿ. ಡೀಟ್ ಅಮೆರಿಕದ ಸೈನ್ಯಕ್ಕೆ 1946ರಿಂದಲೂ ಗೊತ್ತು, ನಮ್ಮ ಅಂಗಡಿಗಳಲ್ಲಿ ಸಿಗುವ ಹಲವು ಸೊಳ್ಳೆ ಕ್ರೀಮುಗಳಲ್ಲಿ ಇದೋ ಇದರ ಹತ್ತಿರದ ಸಂಬಂಧಿಯೋ ಇರುತ್ತದೆ. ಆದರೆ ಮೂಗಿನಲ್ಲಿ ಅದು ಏನು ಮಾಡುತ್ತದೆ ಅನ್ನುವುದಕ್ಕೆ ಇವತ್ತಿಗೂ ಜಗಳ ಇದೆ. ದುರ್ನಾತ ಅನಿಸಿ ಓಡುತ್ತದೆ ಅನ್ನುವವರು ಇದ್ದಾರೆ, ರಿಸೆಪ್ಟರುಗಳನ್ನು ಗಲಿಬಿಲಿ ಮಾಡುತ್ತದೆ ಅನ್ನುವವರು ಇದ್ದಾರೆ, ನಮ್ಮ ವಾಸನೆ ಗಾಳಿಗೆ ಏಳದ ಹಾಗೆ ಮುಚ್ಚುತ್ತದೆ ಅನ್ನುವವರೂ ಇದ್ದಾರೆ. ಸೊಳ್ಳೆಯ ಜಾತಿ ಬದಲಾದರೆ ಉತ್ತರವೂ ಬದಲಾಗಬಹುದು ಅಂತ ನನ್ನ ಅನುಮಾನ.

ಈಗ ಮುಖ್ಯ ಪ್ರಶ್ನೆ. ಮನುಷ್ಯನ ವಾಸನೆಯಲ್ಲಿ ಮನುಷ್ಯನದ್ದೇ ಅನ್ನುವಂಥದ್ದು ಏನಿದೆ? ಉಸಿರು ಎಮ್ಮೆಯೂ ಬಿಡುತ್ತದೆ.

ಇದಕ್ಕೆ ಕೀನ್ಯಾಕ್ಕೆ ಹೋಗಬೇಕು. ಕರಾವಳಿಯ ಹತ್ತಿರ ರಬಾಯ್ ಅಂತ ಒಂದು ಊರು. ಅಲ್ಲಿ ಎರಡು ಬಗೆಯ ಈಡಿಸ್ ಈಜಿಪ್ಟೈ ಇದ್ದವು. ಕಾಡಿನದು ಕಪ್ಪು, ಮರದ ಪೊಟರೆಯಲ್ಲಿ ಮೊಟ್ಟೆ ಇಟ್ಟು ಕಾಡುಪ್ರಾಣಿಗಳನ್ನು ಕಚ್ಚಿಕೊಂಡಿರುತ್ತದೆ. ಮನೆಯದು ಕಂದು, ನೀರಿನ ಮಡಕೆಯಲ್ಲಿ ಬೆಳೆದು ಮನೆಯವರನ್ನು ಕಚ್ಚುತ್ತದೆ. ನಡುವೆ ನಡೆದುಕೊಂಡು ಹೋಗುವಷ್ಟು ದೂರ. ಕ್ಯಾರೊಲಿನ್ ಮೆಕ್‌ಬ್ರೈಡ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಎರಡಕ್ಕೂ ಒಂದು ಕಡೆ ಮನುಷ್ಯನ ಕೈ, ಇನ್ನೊಂದು ಕಡೆ ಗಿನಿಪಿಗ್ ಇಟ್ಟು ಆಯ್ಕೆ ಕೊಟ್ಟರು. ಮನೆ ಸೊಳ್ಳೆ ಕೈಯತ್ತ, ಕಾಡು ಸೊಳ್ಳೆ ಗಿನಿಪಿಗ್ ಕಡೆ. ಎರಡನ್ನೂ ಕೂಡಿಸಿ ಮೊಮ್ಮಕ್ಕಳ ತನಕ ನೋಡಿದಾಗ, ಮನುಷ್ಯನನ್ನು ಇಷ್ಟಪಡುವವುಗಳಲ್ಲಿ ಓಆರ್4 ಅನ್ನುವ ರಿಸೆಪ್ಟರ್ ಜಾಸ್ತಿ ಕೆಲಸ ಮಾಡುತ್ತಿತ್ತು. ಅದು ಹಿಡಿಯುವ ಅಣು ಸಲ್ಕಾಟೋನ್. 2014ರ ವರದಿ ಇದು.

ಸಲ್ಕಾಟೋನ್ ಎಲ್ಲಿಂದ ಬರುತ್ತದೆ ಗೊತ್ತಾ? ನಿಮ್ಮ ಮುಖದ ಜಿಡ್ಡಿನಿಂದ. ನಮ್ಮ ಚರ್ಮದ ಎಣ್ಣೆಯಲ್ಲಿ ಸ್ಕ್ವಾಲೀನ್ ಅಂತ ಒಂದಿದೆ, ಅದು ಗಾಳಿಯ ಓಝೋನ್ ತಾಗಿ ಮುರಿದಾಗ ಈ ಅಣು ಹುಟ್ಟುತ್ತದೆ. ಇನ್ನೊಂದು ಎಣ್ಣೆ ಇದೆ, ಸೇಪಿಯೆನಿಕ್ ಆಸಿಡ್. ಹೆಸರಲ್ಲೇ ಸೇಪಿಯೆನ್ಸ್ ಇದೆ ನೋಡಿ, ನಮ್ಮ ಚರ್ಮದಲ್ಲಿ ಅಷ್ಟು ವಿಶೇಷ ಅದು. ಅದು ಮುರಿದರೆ ಡೆಕನಾಲ್. 2022ರಲ್ಲಿ ಪ್ರಿನ್ಸ್‌ಟನ್‌ನ ಗುಂಪು, ಇದೂ ಮೆಕ್‌ಬ್ರೈಡ್ ಅವರದ್ದೇ, ಸೊಳ್ಳೆಯ ಮಿದುಳನ್ನೇ ನೋಡುತ್ತಾ ಮನುಷ್ಯರ ವಾಸನೆ, ಪ್ರಾಣಿಗಳ ವಾಸನೆ ಊದಿತು. ವಾಸನೆಯ ಸುದ್ದಿ ಮೊದಲು ಬಂದು ಸೇರುವ ಸಣ್ಣ ಉಂಡೆಗಳು ಮಿದುಳಿನಲ್ಲಿವೆ, ಸುಮಾರು ಅರವತ್ತು. ಮನುಷ್ಯ ಬಂದಾಗ ಅರವತ್ತೂ ಬೆಳಗುತ್ತವೇನೋ ಅಂದುಕೊಂಡಿದ್ದರು. ಬಹುಮಟ್ಟಿಗೆ ಒಂದೇ ಉಂಡೆ ಎದ್ದು ಹೊಳೆಯಿತು. ಅದು ಡೆಕನಾಲ್, ಅನ್‌ಡೆಕನಾಲ್ ಥರದ ಉದ್ದ ಬಾಲದ ಅಣುಗಳಿಗೆ ಮಿಡಿಯುವ ಉಂಡೆ. ಕಾಡು ಬಿಟ್ಟು ನಮ್ಮ ಮನೆಗೆ ಬಂದ ಆ ಸೊಳ್ಳೆಗೆ ನಾವು ಅಂದರೆ ಜಿಡ್ಡು ಚರ್ಮದ ಈ ಎರಡು ಮೂರು ಅಣು.

ಕಾಡು ಬಿಟ್ಟಿದ್ದು ಯಾಕೆ ಅಂತ ಕೇಳಿ. ಆಫ್ರಿಕಾದಲ್ಲಿ ಮಳೆಗಾಲ ಮುಗಿದ ಮೇಲೆ ಉದ್ದನೆಯ ಒಣ ಬೇಸಿಗೆ ಇರುವ ಕಡೆಗಳಲ್ಲೇ ಮನುಷ್ಯನನ್ನು ಇಷ್ಟಪಡುವ ಸೊಳ್ಳೆಗಳು ಜಾಸ್ತಿ. ಬೇರೆಲ್ಲೂ ನೀರಿಲ್ಲ, ಮನುಷ್ಯ ತುಂಬಿಟ್ಟ ಮಡಕೆಯಲ್ಲಿ ಮಾತ್ರ ಇದೆ. ನೀರು ಹುಡುಕಿಕೊಂಡು ಬಂದವಳಿಗೆ ಪಕ್ಕದಲ್ಲೇ ಊಟವೂ ಸಿಕ್ಕಿತು.

ಇಷ್ಟೆಲ್ಲ ಹೇಳಿದೆ, ನನ್ನ ಕಾಲಿನ ದದ್ದಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕಾಲಿನ ವಿಷಯಕ್ಕೆ ಮೊದಲು ಒಂದು ತಮಾಷೆ. ನೆದರ್‌ಲ್ಯಾಂಡ್ಸ್‌ನಲ್ಲಿ ಬಾರ್ಟ್ ಕ್ನೋಲ್ಸ್ ಅನ್ನುವ ವಿಜ್ಞಾನಿ ಮಲೇರಿಯಾ ಸೊಳ್ಳೆಗಳ ನಡುವೆ ಬಟ್ಟೆ ಬಿಚ್ಚಿ ಕೂತು, ಎಲ್ಲಿ ಕಚ್ಚುತ್ತವೆ ಅಂತ ಲೆಕ್ಕ ಇಟ್ಟರು. ಅನಾಫಿಲಿಸ್ ಗ್ಯಾಂಬಿಯೇ ಪಾದ ಮತ್ತು ಹರಡನ್ನೇ ಹುಡುಕಿಕೊಂಡು ಹೋಯಿತು. ಪಾದವನ್ನು ಸೋಪು ಹಾಕಿ ಚೆನ್ನಾಗಿ ತೊಳೆದರೆ ಆ ಒಲವು ಹೋಯಿತು. ಪಾದದ ವಾಸನೆ ಬರುವುದು ಬ್ಯಾಕ್ಟೀರಿಯಾಗಳಿಂದ. ಅದರ ಹತ್ತಿರದ ಸಂಬಂಧಿ ಬ್ಯಾಕ್ಟೀರಿಯಾದಿಂದಲೇ ಲಿಂಬರ್ಗರ್ ಅನ್ನುವ ಚೀಸ್ ಮಾಡುತ್ತಾರೆ, ನಾರುವುದಕ್ಕೆ ಹೆಸರುವಾಸಿ. ಆ ಚೀಸ್ ಇಟ್ಟು ನೋಡಿದರು, ಸೊಳ್ಳೆ ಬಂತು. 2006ರಲ್ಲಿ ಇಗ್ ನೊಬೆಲ್ ಸಿಕ್ಕಿತು, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನಗಬೇಡಿ, ಈ ನಗೆಯಿಂದಲೇ ಕೆಲಸಕ್ಕೆ ಬರುವ ಒಂದು ವಸ್ತು ಹುಟ್ಟಿತು, ಹೇಳುತ್ತೇನೆ.

ಈಗ ಉತ್ತರ. ಮತ್ತೆ ರಾಕಫೆಲರ್, 2022. 64 ಜನರಿಗೆ ನೈಲಾನ್ ಸ್ಟಾಕಿಂಗ್ ಕೊಟ್ಟು ಮುಂಗೈಗೆ ಹಾಕಿಕೊಳ್ಳಲು ಹೇಳಿದರು. ಆಮೇಲೆ ಆ ಬಟ್ಟೆಯ ತುಂಡುಗಳನ್ನು ಎರಡೆರಡಾಗಿ ಸೊಳ್ಳೆಗಳ ಮುಂದಿಟ್ಟು ಪಂದ್ಯ ಆಡಿಸಿದರು, ಕಬಡ್ಡಿ ಟೂರ್ನಮೆಂಟ್ ಥರ. ಮೂವತ್ತಮೂರನೇ ನಂಬರಿನವರು ಎಲ್ಲರನ್ನೂ ಸೋಲಿಸಿದರು. ಕೊನೆಗೆ ಬಂದವರಿಗೆ ಹೋಲಿಸಿದರೆ ಸೊಳ್ಳೆಗೆ ಅವರು ನೂರು ಪಟ್ಟು ಇಷ್ಟ. ಈ ಪರೀಕ್ಷೆ ಸುಮಾರು ಮೂರು ವರ್ಷ ನಡೆಯಿತು. ಅಷ್ಟು ದಿನದಲ್ಲಿ ಜನ ಏನು ತಿಂದರೋ, ಯಾವ ಸೋಪು ಬದಲಾಯಿಸಿದರೋ, ಜಾಸ್ತಿ ಕಚ್ಚಿಸಿಕೊಳ್ಳುವವರು ಜಾಸ್ತಿ ಕಚ್ಚಿಸಿಕೊಳ್ಳುವವರಾಗೇ ಉಳಿದರು. ಅವರ ಚರ್ಮದಲ್ಲಿ ಕಾರ್ಬಾಕ್ಸಿಲಿಕ್ ಆಸಿಡ್‌ಗಳು ಜಾಸ್ತಿ ಇದ್ದವು. ಜಿಡ್ಡಿನಲ್ಲಿರುವ ಆಮ್ಲಗಳು, ಅಷ್ಟೆ. ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದೆ, ನನ್ನ ರಕ್ತ ಸಿಹಿ ಅಲ್ಲಜ್ಜಿ, ಚರ್ಮ ಹುಳಿ.

ಆ ಪ್ರಯೋಗದಲ್ಲೇ ಇನ್ನೊಂದು ಮಾಡಿದರು. ಓರ್ಕೋ ಇಲ್ಲದ ಸೊಳ್ಳೆ, ಐಆರ್ ಜೊತೆಗಾರ ಇಲ್ಲದ ಸೊಳ್ಳೆ, ಇವುಗಳ ಮುಂದೆ ಅದೇ ಬಟ್ಟೆ ಇಟ್ಟರು. ಆಗಲೂ ಅವು ಯಾರು ರುಚಿ, ಯಾರು ಸಪ್ಪೆ ಅಂತ ಗುರುತಿಸಿದವು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ. ಇದು ಯಾಕೆ ಹೀಗೆ ಅನ್ನುವುದಕ್ಕೂ ಅದೇ ವರ್ಷ ಸುಳಿವು ಸಿಕ್ಕಿತು. ಒಂದು ನರಕೋಶಕ್ಕೆ ಒಂದೇ ರಿಸೆಪ್ಟರ್ ಅನ್ನುವುದು ಪಠ್ಯಪುಸ್ತಕದ ನಿಯಮ, ನಾನೂ ಹಾಗೇ ಪಾಠ ಮಾಡಿದವಳು. ಈಡಿಸ್ ಆ ನಿಯಮ ಪಾಲಿಸುವುದಿಲ್ಲ. ಒಂದೇ ನರಕೋಶದಲ್ಲಿ ಓಆರ್ ಮನೆತನದ ರಿಸೆಪ್ಟರೂ ಇದೆ, ಐಆರ್ ಮನೆತನದ್ದೂ ಇದೆ. ಮುಂಬಾಗಿಲಿಗೆ ಬೀಗ ಹಾಕಿದರೆ ಹಿತ್ತಲ ಬಾಗಿಲು, ಎರಡೂ ಒಂದೇ ಹಜಾರಕ್ಕೆ. ಹಾಗಾಗಿ "ಒಂದೇ ಜೀನು ಕೆಡಿಸಿ ಸೊಳ್ಳೆ ಕಡಿತ ನಿಲ್ಲಿಸಿದರು" ಅಂತ ಯಾವುದಾದರೂ ಸುದ್ದಿ ಬಂದರೆ ನಾನು ಸ್ವಲ್ಪ ಕಾಯುತ್ತೇನೆ.

ಇನ್ನು ರೋಗ. ಇದು ಸ್ವಲ್ಪ ಭಯ ಹುಟ್ಟಿಸುವ ಭಾಗ. ಮಲೇರಿಯಾ ಪರಾವಲಂಬಿ ನಮ್ಮ ಕೆಂಪು ರಕ್ತಕಣದಲ್ಲಿ ಕೂತು ಒಂದು ಅಣು ತಯಾರಿಸುತ್ತದೆ. ಅದು ತಾಗಿದ ರಕ್ತಕಣಗಳು ಇಂಗಾಲದ ಡೈಆಕ್ಸೈಡನ್ನು, ಆಲ್ಡಿಹೈಡುಗಳನ್ನು ಜಾಸ್ತಿ ಬಿಡುತ್ತವೆ ಅಂತ 2017ರಲ್ಲಿ ಸ್ಟಾಕ್‌ಹೋಮ್‌ನ ಗುಂಪು ತೋರಿಸಿತು. ಸೊಳ್ಳೆಯನ್ನು ಕರೆಯುವ ಅದೇ ಅಣುಗಳು. ಡೆಂಗಿ ವೈರಸ್ಸಿನದ್ದು ಇನ್ನೂ ಸುತ್ತು ದಾರಿ. 2022ರಲ್ಲಿ ಚೀನಾದ ವಿಜ್ಞಾನಿಗಳು ಇಲಿಗಳಲ್ಲಿ ನೋಡಿದ್ದು ಇದು: ಸೋಂಕು ತಗುಲಿದರೆ ಚರ್ಮದಲ್ಲಿ ಬ್ಯಾಕ್ಟೀರಿಯಾಗಳನ್ನು ಹದ್ದುಬಸ್ತಿನಲ್ಲಿಡುವ ಒಂದು ಪ್ರೊಟೀನ್ ಇಳಿಯುತ್ತದೆ, ಕೆಲವು ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವು ಅಸಿಟೋಫಿನೋನ್ ಅನ್ನುವ ವಾಸನೆ ಬಿಡುತ್ತವೆ, ಸೊಳ್ಳೆ ಆ ಕಡೆ ತಿರುಗುತ್ತದೆ. ಡೆಂಗಿ ರೋಗಿಗಳ ಚರ್ಮದಲ್ಲೂ ಆ ಅಣು ಜಾಸ್ತಿ ಕಂಡಿತು. ಮನೆಯಲ್ಲಿ ಡೆಂಗಿ ಜ್ವರದವರು ಮಲಗಿದ್ದರೆ ಹಗಲಲ್ಲೂ ಅವರಿಗೆ ಸೊಳ್ಳೆಪರದೆ ಕಟ್ಟಿ ಅಂತ ಡಾಕ್ಟರು ಹೇಳುತ್ತಾರಲ್ಲ, ಅದನ್ನು ಸುಮ್ನೆ ಹೇಳುವುದಲ್ಲ. ಈಡಿಸ್ ಕಚ್ಚುವುದೇ ಹಗಲು. 2024ರಲ್ಲಿ ನಮ್ಮ ರಾಜ್ಯದಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಸರ್ಕಾರ ಘೋಷಿಸಿತ್ತು, ನೆನಪಿರಬಹುದು.

ಆ ಚೀಸ್‌ನ ಕಥೆ ಬಾಕಿ ಇದೆ. ಪಾದದ ವಾಸನೆಯನ್ನು ಬಿಡಿಸಿ ನೋಡಿದವರು ಅಮೋನಿಯ, ಲ್ಯಾಕ್ಟಿಕ್ ಆಸಿಡ್, ಇನ್ನೊಂದೆರಡು ಸೇರಿಸಿ ಐದು ಅಣುಗಳ ಮಸಾಲೆ ಮಾಡಿದರು. ನೈಲಾನ್ ಪಟ್ಟಿಗೆ ಅದನ್ನು ಹಚ್ಚಿ, ಫ್ಯಾನ್ ಇರುವ ಬೋನಿಗೆ ಹಾಕಿ, ಕೀನ್ಯಾದ ವಿಕ್ಟೋರಿಯಾ ಸರೋವರದ ರುಸಿಂಗಾ ದ್ವೀಪದ ಮನೆಮನೆಗೂ ಸೋಲಾರ್ ಪ್ಯಾನೆಲ್ ಜೊತೆ ಕಟ್ಟಿದರು. 2016ರಲ್ಲಿ ಫಲಿತಾಂಶ ಬಂತು. ಬೋನು ಇದ್ದ ಮನೆಗಳಲ್ಲಿ ಮಲೇರಿಯಾ ಸುಮಾರು 30 ಶೇಕಡ ಕಡಿಮೆ. ಅಲ್ಲಿನ ಒಂದು ಮುಖ್ಯ ಸೊಳ್ಳೆ, ಅನಾಫಿಲಿಸ್ ಫ್ಯುನೆಸ್ಟಸ್, ಸುಮಾರು 69 ಶೇಕಡ ಕಡಿಮೆ. ಜನರಿಗೆ ಖುಷಿಯಾಗಿದ್ದು ಸೋಲಾರ್ ದೀಪ, ಅದು ಬೇರೆ ಮಾತು.

ಲೋಬಾನ, ಬೇವಿನ ಸೊಪ್ಪಿನ ಹೊಗೆ ಬಗ್ಗೆ ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ಹೊಗೆ ಇರುವಷ್ಟು ಹೊತ್ತು ಸೊಳ್ಳೆ ಕಡಿಮೆಯಾಗುತ್ತದೆ, ಹೌದು, ಆದರೆ ನಿಮ್ಮ ಶ್ವಾಸಕೋಶವೂ ಅದೇ ಕೋಣೆಯಲ್ಲಿದೆ. ಕೊಟ್ಟಿಗೆಗೆ ಸರಿ, ಮಗು ಮಲಗುವ ಕೋಣೆಗೆ ಬೇಡ.

ಕೊನೆಗೆ ನೀರಿಗೆ ಬರುತ್ತೇನೆ. ರೊನಾಲ್ಡ್ ರಾಸ್ ಗೊತ್ತಲ್ಲ, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡವರು. ಅದಕ್ಕೆ ಎಷ್ಟೋ ಮೊದಲು, 1883ರಲ್ಲಿ, ಅವರು ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದರು. ತಮ್ಮ ಬಂಗಲೆಯಲ್ಲಿ ಯಾಕಿಷ್ಟು ಸೊಳ್ಳೆ ಅಂತ ನೋಡಿದರೆ ಕಿಟಕಿಯ ಕೆಳಗಿನ ನೀರಿನ ತೊಟ್ಟಿಯಲ್ಲಿ ಮರಿಗಳು. ತೊಟ್ಟಿ ಮಗುಚಿದರು, ಸೊಳ್ಳೆ ಕಡಿಮೆಯಾಯಿತು. ಆದರೆ ಆ ತೊಟ್ಟಿಯನ್ನು ಅವಳು ಹುಡುಕಿದ್ದು ಹೇಗೆ?

ಅದೂ ಮೂಗಿನಿಂದಲೇ. ರಕ್ತ ಕುಡಿದ ಮೇಲೆ ಕೆಲವು ದಿನ ಅವಳಿಗೆ ನಮ್ಮ ವಾಸನೆಯಲ್ಲಿ ಆಸಕ್ತಿ ಇರುವುದಿಲ್ಲ, ಬೇರೆ ವಾಸನೆಗಳು ಬೇಕು. ಚರಂಡಿಯ ಕ್ಯೂಲೆಕ್ಸ್ ಕೊಳೆತ ನೀರಿನ ನಾತವನ್ನೇ ಹುಡುಕುತ್ತದೆ, ಜೊತೆಗೆ ತನ್ನ ಜಾತಿಯವರು ಮೊದಲೇ ಇಟ್ಟ ಮೊಟ್ಟೆಗಳ ಒಂದು ವಿಶೇಷ ವಾಸನೆಯನ್ನೂ. ಈಡಿಸ್‌ಗೆ ಇಷ್ಟವಾದ ಒಂದು ವಾಸನೆಯನ್ನು 2020ರಲ್ಲಿ ಸ್ವೀಡನ್ನಿನ ಲುಂಡ್‌ನವರು ಗುರುತಿಸಿದರು. ಜಿಯೋಸ್ಮಿನ್. ನಿಮಗೂ ಅದು ಗೊತ್ತು, ಮೊದಲ ಮಳೆಗೆ ಮಣ್ಣಿನಿಂದ ಏಳುತ್ತದಲ್ಲ, ಅದೇ. ಮಣ್ಣಿನ, ನೀರಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ, ಅವು ಇರುವ ನೀರಿನಲ್ಲಿ ಮರಿಗಳಿಗೆ ಊಟ ಇರುತ್ತದೆ. ಬೀಟ್‌ರೂಟ್‌ಗೆ ಮಣ್ಣಿನ ವಾಸನೆ ಬರುವುದೂ ಜಿಯೋಸ್ಮಿನ್‌ನಿಂದಲೇ. ಅವರು ಬೀಟ್‌ರೂಟ್ ಸಿಪ್ಪೆಯನ್ನೇ ಬೋನಿಗೆ ಹಾಕಿ ನೋಡಿದರು, ಸೊಳ್ಳೆಗಳು ಬಂದವು.

ನಾನೂ ಮನೆಯಲ್ಲಿ ಮಾಡಿ ನೋಡಿದೆ. ಬಾಲ್ಕನಿಯಲ್ಲಿ ಎರಡು ಕಪ್ಪು ಡಬ್ಬ, ಒಂದರಲ್ಲಿ ಬರೀ ನಲ್ಲಿ ನೀರು, ಇನ್ನೊಂದರಲ್ಲಿ ಒಂದು ಹಿಡಿ ಬೀಟ್‌ರೂಟ್ ಸಿಪ್ಪೆ. ಒಳಗೋಡೆಗೆ ನೀರಿನ ಮಟ್ಟದಲ್ಲಿ ಒಂದು ಸುತ್ತು ಬಿಳಿ ಕಾಗದ. ನಾಲ್ಕನೇ ದಿನ ಸಿಪ್ಪೆ ಇದ್ದ ಡಬ್ಬದ ಕಾಗದದ ಮೇಲೆ ಗಸಗಸೆಗಿಂತ ಚಿಕ್ಕ ಕಪ್ಪು ಮೊಟ್ಟೆಗಳು, ಸಾಲಾಗಿ. ಇನ್ನೊಂದರಲ್ಲೂ ಇದ್ದವು, ಕಡಿಮೆ. ಒಂದು ಬಾಲ್ಕನಿಯ ಲೆಕ್ಕ ಲೆಕ್ಕವಲ್ಲ, ಆದರೂ ಮಕ್ಕಳಿಗೆ ತೋರಿಸುವುದಕ್ಕೆ ಚೆನ್ನಾಗಿರುತ್ತದೆ. ನೀವೂ ಮಾಡುವುದಾದರೆ ಒಂದು ಮಾತು: ಐದನೇ ದಿನ ಕಾಗದ ಸುಟ್ಟು, ಡಬ್ಬ ಉಜ್ಜಿ ತೊಳೆದು, ಆ ನೀರನ್ನು ಒಣ ಮಣ್ಣಿಗೆ ಚೆಲ್ಲಿ. ಮರೆತು ಊರಿಗೆ ಹೋದಿರೋ, ವಾಪಸ್ ಬರುವಷ್ಟರಲ್ಲಿ ಅವು ಹಾರಾಡುತ್ತಿರುತ್ತವೆ, ಪಕ್ಕದ ಮನೆಯವರು ನನ್ನ ಹೆಸರು ಹೇಳಿ ಬೈಯುತ್ತಾರೆ.